ತಾತನ ಮೆಡಲ್ ಹಾಕಿಕೊಳ್ಳಿ, ಬಲಗಡೆಗೆ

ಮೇಡಂ, ಈ ಗುಂಪಿನಲ್ಲಿ ನಿಮ್ಮ ಪೋಸ್ಟ್ ಮತ್ತು ಫೋಟೊ ಎರಡೂ ನೋಡಿದೆ. ತಾತ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿದ್ದವರು, ಈಗಿಲ್ಲ. ಟ್ರಂಕಿನಲ್ಲಿ ಆರು ಮೆಡಲ್, ಒಂದು ಯೂನಿಫಾರ್ಮ್ ಕೋಟು ಸಿಕ್ಕಿದೆ. ಡಿಸೆಂಬರ್ 16ರ ವಿಜಯ ದಿವಸಕ್ಕೆ ನೆಹರು ತಾರಾಲಯದ ಹತ್ತಿರದ ಸೈನಿಕ ಸ್ಮಾರಕಕ್ಕೆ ಹೋಗುವಾಗ ನೀವು ಮೆಡಲ್, ನಿಮ್ಮ ತಮ್ಮ ಕೋಟು ಹಾಕಿಕೊಂಡರೆ ಸರಿನಾ ಅಂತ ಕೇಳಿದ್ದೀರಿ.

ಮೆಡಲ್ ಖಂಡಿತ ಹಾಕಿಕೊಳ್ಳಿ, ಆದರೆ ಬಲ ಎದೆಗೆ. ಎಡಗಡೆ ಸ್ವತಃ ಗಳಿಸಿದವರಿಗೆ ಮೀಸಲು. ತೀರಿಹೋದವರ ಮೆಡಲ್‌ಗಳನ್ನು ಮನೆಯವರು ಬಲಗಡೆ ಹಾಕಿಕೊಳ್ಳುವ ಪದ್ಧತಿ ಬ್ರಿಟನ್, ಆಸ್ಟ್ರೇಲಿಯಾ ಕಡೆ ಹಳೇದು. ನಮ್ಮ ಸೇನೆ ಕೂಡ 2018ರಲ್ಲಿ ಹುತಾತ್ಮರ ಹತ್ತಿರದ ಬಂಧುಗಳಿಗೆ ಸ್ಮಾರಕಗಳ ಕಾರ್ಯಕ್ರಮದಲ್ಲಿ ಹೀಗೆ ಹಾಕಿಕೊಳ್ಳಲು ಅವಕಾಶ ಕೊಟ್ಟಿತು. ನಿಮ್ಮ ತಾತ ನಿವೃತ್ತರಾದ ಮೇಲೆ ತೀರಿಕೊಂಡವರು. ಹಾಗಾಗಿ ಕಾರ್ಯಕ್ರಮ ನಡೆಸುವವರಿಗೆ ಮೊದಲೇ ಒಂದು ಮಾತು ತಿಳಿಸಿಬಿಡಿ.

ಕೋಟು ಮಾತ್ರ ಬೇಡ. ತೋಳಿನ ಮೂರು ಪಟ್ಟಿ, ಭುಜದ ಮೇಲೆ ಪಡೆಯ ಹೆಸರಿರುವ ಟೈಟಲ್, ಕ್ಯಾಪ್ ಬ್ಯಾಡ್ಜ್ ಇವೆಲ್ಲ ಸೇವೆಯಲ್ಲಿ ಇದ್ದವರ ಗುರುತು. ಮೆಡಲ್ ಮನೆಗೆ ಬರುತ್ತದೆ, ಪದವಿ ಮನೆಗೆ ಬರುವುದಿಲ್ಲ. ಸೈನಿಕನಲ್ಲದವನು ತಾನು ಸೈನಿಕ ಅಂತ ನಂಬಿಸಲು ಆ ಉಡುಪು ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಸೆಕ್ಷನ್‌ನಲ್ಲಿ ಮೂರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ನಿಮ್ಮ ತಮ್ಮನಿಗೆ ಆ ಉದ್ದೇಶ ಇಲ್ಲ, ನನಗೆ ಗೊತ್ತು. ಗೇಟಿನಲ್ಲಿ ನಿಂತವರಿಗೆ ಅದು ಹೇಗೆ ಗೊತ್ತಾಗಬೇಕು? ಅಲ್ಲಿಗೆ ಬರುವ ಹಳೇ ಸೈನಿಕರ ಕಣ್ಣಂತೂ ಮೊದಲು ತೋಳಿಗೇ ಹೋಗುತ್ತದೆ. ಸುಮ್ನೆ ಹುಡುಗನಿಗೆ ಮುಜುಗರ. ಸಾದಾ ಕಪ್ಪು ಬ್ಲೇಜರ್ ಹಾಕಿಸಿ, ಸಾಕು.

ಈಗ ಜೋಡಿಸುವ ಕ್ರಮ. ಫೋಟೊದಲ್ಲಿ ನೀವು ಇಸವಿ ನೋಡಿಕೊಂಡು ಇಟ್ಟಿದ್ದೀರಿ. ತುಂಬಾ ಜನ ಹಾಗೇ ಮಾಡುತ್ತಾರೆ, ಆದರೆ ಕ್ರಮ ಇಸವಿಯದ್ದಲ್ಲ, ಮನ್ನಣೆಯದ್ದು. ಎದುರಿಗೆ ನಿಂತವರ ಎಡಗೈ ಕಡೆಯಿಂದ ಹೀಗೆ ಬರಬೇಕು: ಮೊದಲು ಪೂರ್ವಿ ಸ್ಟಾರ್, ಆಮೇಲೆ ರಕ್ಷಾ ಮೆಡಲ್, ಸಂಗ್ರಾಮ್ ಮೆಡಲ್, ಸೈನ್ಯ ಸೇವಾ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, ಕೊನೆಗೆ 9 ವರ್ಷದ ಲಾಂಗ್ ಸರ್ವಿಸ್ ಮೆಡಲ್. ರಕ್ಷಾ 1965ರದ್ದು, ಪೂರ್ವಿ ಸ್ಟಾರ್ 1971ರದ್ದು. ಆದರೂ ಸ್ಟಾರ್ ಮುಂದೆ ಬರುತ್ತದೆ, ಯಾಕೆಂದರೆ ಅದು ಪೂರ್ವದ ರಣರಂಗಕ್ಕೆ ಹೋದವರಿಗೆ ಕೊಟ್ಟದ್ದು. ನಿಮ್ಮ ತಾತ ಬಾಂಗ್ಲಾ ಯುದ್ಧದಲ್ಲಿ ಇದ್ದರು ಅನ್ನುವುದಕ್ಕೆ ಆ ನಕ್ಷತ್ರವೇ ಸಾಕ್ಷಿ. ಅದನ್ನು ನಾಲ್ಕನೇ ಜಾಗದಲ್ಲಿ ನೋಡಿ ನನಗೆ ಮನಸ್ಸು ತಡೆಯಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬಲಗಡೆಗೆ ಹಾಕುತ್ತೇವೆ ಅಂತ ಕ್ರಮ ತಿರುಗಿಸಬೇಡಿ. ಮೆಡಲ್‌ಗಳನ್ನು ಸಾಲಾಗಿ ಜೋಡಿಸಿದ ಬಾರ್ ಹೇಗಿದೆಯೋ ಹಾಗೇ ಇರಲಿ.

ಒಂದೊಂದು ರಿಬ್ಬನ್ 32 ಮಿಲಿಮೀಟರ್ ಅಗಲ. ಆರನ್ನೂ ಪಕ್ಕಪಕ್ಕ ಇಟ್ಟರೆ 19 ಸೆಂಟಿಮೀಟರ್ ದಾಟುತ್ತದೆ, ತೋಳಿನ ಸಂದಿಗೆ ಹೋಗಿಬಿಡುತ್ತದೆ. ಅದಕ್ಕೆ ಒಂದರ ಮೇಲೊಂದು ಸ್ವಲ್ಪ ಏರಿಸಿ ಹೊಲಿಯುತ್ತಾರೆ, ಮೊದಲನೆಯದು ಪೂರ್ತಿ ಕಾಣುವ ಹಾಗೆ. ಹಲಸೂರು ಕಡೆ ಎಂ.ಇ.ಜಿ. ಸೆಂಟರ್ (ಮದ್ರಾಸ್ ಸ್ಯಾಪರ್ಸ್‌ನವರದ್ದೇ ಕೇಂದ್ರ) ಸುತ್ತಮುತ್ತ ಮಿಲಿಟರಿ ಟೈಲರ್‌ಗಳನ್ನು ವಿಚಾರಿಸಿ. ‘ಕೋರ್ಟ್ ಮೌಂಟಿಂಗ್’ ಮಾಡಿಕೊಡಿ ಅನ್ನಿ. ಅದರಲ್ಲಿ ಮೆಡಲ್ ಹಿಂದಿನ ಗಟ್ಟಿ ಹಲಗೆಗೆ ಅಂಟಿಕೊಂಡು ನಿಲ್ಲುತ್ತದೆ, ನಡೆಯುವಾಗ ಒಂದಕ್ಕೊಂದು ಬಡಿದು ಗೀರು ಬೀಳುವುದಿಲ್ಲ. ಹಳೇ ರಿಬ್ಬನ್ ಕಿತ್ತು ಹೊಸದು ಹಾಕಿದರೆ ಹಳೇದನ್ನು ವಾಪಸ್ ಕೇಳಿ ತೆಗೆದಿಟ್ಟುಕೊಳ್ಳಿ. ಸೈನ್ಯ ಸೇವಾ ಮೆಡಲ್ ರಿಬ್ಬನ್ ಮೇಲಿರುವ ಚಿಕ್ಕ ಲೋಹದ ಪಟ್ಟಿ ಕ್ಲಾಸ್ಪ್, ಅದು ಬಿದ್ದುಹೋಗದಂತೆ ನೋಡಿಕೊಳ್ಳಿ. ಅವರು ಯಾವ ಕಡೆ ಸೇವೆ ಮಾಡಿದ್ದರು ಅಂತ ಹೇಳುವುದೇ ಅದು.

ಸೀರೆ ಉಡುತ್ತೀರಿ ಅಂದಿರಲ್ಲ, ಆರು ಮೆಡಲ್ ಭಾರಕ್ಕೆ ಬರೀ ಸೆರಗು ಜೋಲುತ್ತದೆ. ಪಿನ್ ಹಾಕುವ ಜಾಗಕ್ಕೆ ಒಳಗಡೆಯಿಂದ ದಪ್ಪ ಬಟ್ಟೆಯ ತುಂಡು ಕೊಟ್ಟು, ರವಿಕೆ ಸೇರಿಸಿ ಚುಚ್ಚಿ.

ಇನ್ನೊಂದು ವಿಷಯ, ಬ್ರಾಸ್ಸೋ ಅನ್ನುವ ಲೋಹದ ಪಾಲಿಶ್ ಹಾಕಿ ಉಜ್ಜಬೇಡಿ, ದಯವಿಟ್ಟು. ನಮ್ಮ ಮೆಡಲ್‌ಗಳ ಅಂಚಿನಲ್ಲಿ ನಂಬರ್, ಹುದ್ದೆ, ಹೆಸರು, ಪಡೆ ಕೊರೆದಿರುತ್ತಾರೆ. ಉಜ್ಜಿ ಉಜ್ಜಿ ಆ ಅಕ್ಷರ ಸವೆದರೆ ಅದು ಯಾರ ಮೆಡಲ್ ಅಂತ ಹೇಳುವವರೇ ಇಲ್ಲ. ಒಣ ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ.

ಟೈಲರ್‌ಗೆ ಕೊಡುವ ಮುಂಚೆ ಆರರ ಅಂಚನ್ನೂ ಒಂದೊಂದಾಗಿ ಫೋಟೊ ತೆಗೆದಿಟ್ಟುಕೊಳ್ಳಿ, ವಾಪಸ್ ಬಂದಾಗ ಹೋಲಿಸಿ ನೋಡಬಹುದು. ಗುಂಪಿನಲ್ಲಿ ಹಾಕುವುದಾದರೆ ನಂಬರ್ ಮುಚ್ಚಿ ಹಾಕಿ. ಓದಲು ಕಷ್ಟವಾದ ಅಕ್ಷರ ಇದ್ದರೆ ಹೇಳಿ, ಇಲ್ಲಿ ಕೂತು ಓದಿಕೊಡುತ್ತೇನೆ.