ಲೇಬಲ್ ಮೇಲೆ ಬಾಗಿದ ಕನ್ನಡ ಅಕ್ಷರ: ಯಾವ ಸಾಫ್ಟ್‌ವೇರ್, ಯಾವ ಪ್ರಿಂಟರ್?

ಬಾಟಲಿ ಲೇಬಲ್ ಮೇಲೆ ‘ಅಪ್ಪೆಮಿಡಿ ಉಪ್ಪಿನಕಾಯಿ’ ಅಂತ ಕಮಾನಿನ ಹಾಗೆ ಬರೆಯಬೇಕು, ಯಾವ ಸಾಫ್ಟ್‌ವೇರ್, ಯಾವ ಪ್ರಿಂಟರ್ ತಗೊಳ್ಳಲಿ ಎಂದು ಕೇಳಿದ್ದೀರಿ. ನಾನು ಮನೆಯಲ್ಲೇ ಜೇನಿನ ಬಾಟಲಿಗಳಿಗೆ ಲೇಬಲ್ ಮಾಡುತ್ತೇನೆ. ಹಾಗಾಗಿ ಕೈಯಾರೆ ಮಾಡಿ ನೋಡಿದ್ದನ್ನೇ ಹೇಳುತ್ತೇನೆ.

ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಉಚಿತ, ನಿಮ್ಮ ಕೆಲಸಕ್ಕೆ ಅದು ಸಾಕು. ಒಂದು ವೃತ್ತ ಬಿಡಿಸಿ, ಪಕ್ಕದಲ್ಲಿ ಹೆಸರು ಟೈಪ್ ಮಾಡಿ. ಶಿಫ್ಟ್ ಒತ್ತಿಕೊಂಡು ಎರಡನ್ನೂ ಆರಿಸಿ, ಟೆಕ್ಸ್ಟ್ ಮೆನುವಿನಲ್ಲಿ ‘ಪುಟ್ ಆನ್ ಪಾತ್’ ಒತ್ತಿ. ಅಕ್ಷರ ತಲೆಕೆಳಗಾಗಿ ಕೂತರೆ ಗಾಬರಿ ಬೇಡ, ವೃತ್ತವನ್ನು ತಿರುಗಿಸಿದರೆ ಮೇಲಕ್ಕೆ ಬರುತ್ತದೆ. ವರ್ಡ್‌ನ ವರ್ಡ್‌ಆರ್ಟ್‌ನಲ್ಲೂ ಕಮಾನು ಬರುತ್ತದೆ, ಆದರೆ ಅಳತೆ ಹಿಡಿತಕ್ಕೆ ಸಿಗುವುದು ಕಷ್ಟ.

ನಿಜವಾದ ತೊಂದರೆ ಇರುವುದು ಒತ್ತಕ್ಷರದಲ್ಲಿ. ಮೊದಲ ಸಲ ನಾನು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್ ಬಳಸಿದ್ದೆ. ಅಂಥ ಫಾಂಟ್‌ಗಳಲ್ಲಿ ಒತ್ತು ಬೇರೆಯದೇ ಒಂದು ಅಕ್ಷರ. ಗೆರೆ ಬಾಗಿದ ಕೂಡಲೇ ಅದು ತನ್ನ ಪಾಡಿಗೆ ತಿರುಗಿತು, ‘ಪ್ಪ’ದ ಒತ್ತು ಪಕ್ಕದ ಅಕ್ಷರದ ಕೆಳಗೆ ಹೋಗಿ ಕೂತಿತು. 200 ಲೇಬಲ್ ದಂಡವಾಯಿತು. ನೋಟೋ ಸ್ಯಾನ್ಸ್ ಕನ್ನಡ ಅಥವಾ ಬಲೂ ತಮ್ಮ ಹಾಕಿಕೊಳ್ಳಿ. ಎರಡೂ ಯೂನಿಕೋಡ್, ಎರಡೂ ಉಚಿತ.

ಇನ್ನೊಂದು ವಿಷಯ. ಕಮಾನು ಮೇಲಕ್ಕೆ ಬಾಗಿದಾಗ ಅಕ್ಷರಗಳ ತಲೆ ದೂರ ಸರಿಯುತ್ತದೆ, ಬುಡ ಹತ್ತಿರ ಬರುತ್ತದೆ. ಕನ್ನಡದ ಒತ್ತುಗಳಿರುವುದು ಬುಡದಲ್ಲೇ ಅಲ್ವಾ? ನಿಮ್ಮ ಹೆಸರಿನ ಎರಡು ಪದದಲ್ಲೂ ‘ಪ’ ಒತ್ತು ಇದೆ. ವೃತ್ತ ಚಿಕ್ಕದಾದರೆ ಅವು ಅಕ್ಕಪಕ್ಕದ ಅಕ್ಷರಗಳಿಗೆ ತಾಗುತ್ತವೆ. ದೊಡ್ಡ ವೃತ್ತ ತಗೊಂಡು, ಅದರ ಮೇಲಿನ ಸ್ವಲ್ಪ ಭಾಗದಲ್ಲಿ ಮಾತ್ರ ಬರೆಯಿರಿ.

ಪ್ರಿಂಟರ್‌ಗೆ ಅಕ್ಷರ ನೇರವೋ ಬಾಗಿದೆಯೋ ಎಲ್ಲಾ ಒಂದೇ. ಅಲ್ಲಿ ನೋಡಬೇಕಾದ್ದು ಎಣ್ಣೆ, ನೀರು. ಸಾಮಾನ್ಯ ಇಂಕ್‌ಜೆಟ್‌ನ ಬಣ್ಣದ ಶಾಯಿ ಒದ್ದೆ ಕೈ ತಾಗಿದರೆ ಹರಡುತ್ತದೆ. ಲೇಸರ್‌ನ ಟೋನರ್, ಅಂದರೆ ಪುಡಿ ಶಾಯಿ, ನೀರಿಗೆ ಕರಗುವುದಿಲ್ಲ. ಕಾಗದದ ಸ್ಟಿಕರ್ ಎಣ್ಣೆ ಹೀರಿ ಮಸುಕಾಗುತ್ತದೆ, ಹಾಗಾಗಿ ಪ್ಲಾಸ್ಟಿಕ್ ಹಾಳೆಯ ಸ್ಟಿಕರ್ ಬೇಕು. ಅದರ ಕಟ್ಟಿನ ಮೇಲೆ ‘ಲೇಸರ್‌ಗೆ’ ಅಂತ ಇದೆಯಾ ನೋಡಿಕೊಳ್ಳಿ. ಇಂಕ್‌ಜೆಟ್ ಹಾಳೆ ಹಾಕಿದರೆ ಲೇಸರ್‌ನ ಬಿಸಿಗೆ ಕರಗಿ ಒಳಗೇ ಅಂಟಿಕೊಳ್ಳಬಹುದು.

ತಿಂಗಳಿಗೆ ನೂರಿನ್ನೂರು ಬಾಟಲಿ ಅಷ್ಟೇ ಆದರೆ ಈಗಲೇ ಕಲರ್ ಲೇಸರ್ ಕೊಳ್ಳಬೇಡಿ, ಟೋನರ್ ತುಂಬಾ ದುಬಾರಿ. ಊರಿನ ಡಿಜಿಟಲ್ ಪ್ರೆಸ್‌ಗೆ ಪಿಡಿಎಫ್ ಕೊಡಿ. ಕೊಡುವ ಮೊದಲು ಇಂಕ್‌ಸ್ಕೇಪ್‌ನ ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿ, ಅಕ್ಷರಗಳನ್ನು ಬರೀ ಆಕಾರಗಳನ್ನಾಗಿ ಮಾಡಿ. ಆಗ ಅವರ ಕಂಪ್ಯೂಟರ್‌ನಲ್ಲಿ ಫಾಂಟ್ ಇಲ್ಲದಿದ್ದರೂ ಒತ್ತು ಚೆದುರುವುದಿಲ್ಲ. ಅವರು ಚಿತ್ರವನ್ನೇ ಕೇಳಿದರೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಇಡಿ. 6 ಸೆಂ.ಮೀ. ಅಗಲದ ಲೇಬಲ್‌ಗೆ ಸುಮಾರು 709 ಪಿಕ್ಸೆಲ್ ಆಗುತ್ತದೆ.

ಅಚ್ಚಿಗೆ ಕೊಡುವ ಮುಂಚೆ ಸುಮ್ನೆ ಒಂದು ಬಿಳಿ ಹಾಳೆಯಲ್ಲಿ ಅದೇ ಅಳತೆಗೆ ತೆಗೆದು ಬಾಟಲಿಗೆ ಸುತ್ತಿ ನೋಡಿ. ಬಾಟಲಿಯೂ ದುಂಡಗಿರುವುದರಿಂದ ಕಮಾನಿನ ಎರಡೂ ತುದಿ ಹಿಂದಕ್ಕೆ ಮರೆಯಾಗಬಹುದು. ಹಾಗಾದರೆ ಹೆಸರನ್ನು ಇನ್ನೂ ಸ್ವಲ್ಪ ಚಿಕ್ಕದು ಮಾಡಿ.