ಗ್ರೀಕರ ಹಡಗಿನಲ್ಲಿ ಹುಟ್ಟು ಹಾಕುತ್ತಿದ್ದವರು ಗುಲಾಮರಾ?

ಸಿನಿಮಾದಲ್ಲಿ ತೋರಿಸುವ ಹಾಗೆ ಗ್ರೀಕರೂ ಗುಲಾಮರನ್ನು ಸರಪಳಿಯಲ್ಲಿ ಕಟ್ಟಿ ಹುಟ್ಟು ಹಾಕಿಸುತ್ತಿದ್ದರಾ ಅಂತ ಕೇಳಿದ್ದೀರಿ. ಇಲ್ಲ. ಅಥೆನ್ಸ್‌ನ ಟ್ರೈರೀಮ್ ಅನ್ನುವ, ಮೂರು ಸಾಲು ಹುಟ್ಟುಗಳ ಯುದ್ಧದ ಹಡಗುಗಳಲ್ಲಿ ಜಾಸ್ತಿ ಇದ್ದವರು ಸಂಬಳಕ್ಕೆ ದುಡಿಯುವ ಸ್ವತಂತ್ರ ಜನ. ಊರಿನ ಬಡವರು, ಹೊರಗಿನಿಂದ ಬಂದು ನೆಲೆಸಿದವರು, ದ್ವೀಪಗಳಿಂದ ಬಂದವರು. ಗುಲಾಮರೂ ಇರುತ್ತಿದ್ದರು, ಆದರೆ ಕ್ರಿ.ಪೂ. 406ರಲ್ಲಿ ಜನ ಸಾಲದೆ ಅವರನ್ನು ದೊಡ್ಡ ಸಂಖ್ಯೆಯಲ್ಲಿ ಹತ್ತಿಸಿದಾಗ ಬಿಡುಗಡೆಯನ್ನೂ ಕೊಟ್ಟರು.

ನನಗೆ ಈ ಹಡಗುಗಳ ಮೇಲೆ ತುಂಬಾ ಪ್ರೀತಿ, ಅದಕ್ಕೆ ಕಾರಣ ಅದರೊಳಗಿನ ಜನರೇ. 37 ಮೀಟರ್ ಉದ್ದದ ಹಡಗಿನಲ್ಲಿ ಒಟ್ಟು 200 ಜನ, ಅದರಲ್ಲಿ 170 ಜನ ಹುಟ್ಟು ಹಾಕುವವರೇ. ಮೇಲಿನ ಸಾಲಲ್ಲಿ 62, ನಡುವಿನಲ್ಲಿ 54, ಕೆಳಗೆ 54, ಒಬ್ಬೊಬ್ಬರಿಗೆ ಒಂದೊಂದೇ ಹುಟ್ಟು. ಕೆಳಗೆ ಕೂತವನಿಗೆ ತನ್ನ ಹುಟ್ಟು ನೀರಿಗೆ ಬೀಳುವುದೂ ಕಾಣುವುದಿಲ್ಲ, ಕೊಳಲಿನವನ ತಾಳ ಕೇಳಿಕೊಂಡು ಎಳೆಯಬೇಕು, ಒಬ್ಬ ತಪ್ಪಿದರೂ ಪಕ್ಕದವನ ಹುಟ್ಟಿಗೆ ಬಡಿಯುತ್ತದೆ. ಹೊಡೆದು ಬಡಿದು ಮಾಡಿಸುವ ಕೆಲಸವಲ್ಲ ಇದು. 1987ರಲ್ಲಿ ಗ್ರೀಸ್‌ನಲ್ಲಿ ಒಲಿಂಪಿಯಾಸ್ ಅಂತ ಇಂಥದ್ದೇ ಹಡಗು ಕಟ್ಟಿ ನೀರಿಗಿಳಿಸಿದರು. ಹುಟ್ಟು ಹಾಕಿದ ಸ್ವಯಂಸೇವಕರು ಸ್ವಲ್ಪ ಹೊತ್ತಿಗಾದರೂ 9 ನಾಟ್ (ಗಂಟೆಗೆ ಸುಮಾರು 17 ಕಿ.ಮೀ.) ಹತ್ತಿರದ ವೇಗ ಮುಟ್ಟಿಸಿದರು.

ಇಷ್ಟು ಜನ ಯಾಕೆ ಬೇಕಿತ್ತು ಅಂದರೆ, ಹಡಗೇ ಆಯುಧ. ಮೂತಿಗೆ ಕಂಚಿನ ಕವಚ, ಎದುರಾಳಿಯ ಪಕ್ಕೆಗೆ ಗುದ್ದಬೇಕು. ಹಾಯಿಯನ್ನು ಯುದ್ಧಕ್ಕೆ ಮುಂಚೆಯೇ ದಡದಲ್ಲಿ ಬಿಟ್ಟು ಬರುತ್ತಿದ್ದರು. ಊಟಕ್ಕೆ, ನಿದ್ದೆಗೆ ಹಡಗಿನಲ್ಲಿ ಜಾಗವೇ ಇಲ್ಲ, ಅದಕ್ಕೇ ಸಂಜೆ ಆದರೆ ಸಾಮಾನ್ಯವಾಗಿ ದಡ ಸೇರಬೇಕಿತ್ತು.

ಪಳಗಿದ ಜನ ಏನು ಮಾಡಬಲ್ಲರು ಅನ್ನುವುದಕ್ಕೆ ಗ್ರೀಸ್‌ನ ನೌಪಾಕ್ಟಸ್ ಬಂದರಿನ ಹತ್ತಿರ ನಡೆದ ಕಾಳಗ ನೋಡಿ, ಕ್ರಿ.ಪೂ. 429. ಅಥೆನ್ಸ್‌ನ ನೌಕಾಪಡೆಯ ನಾಯಕ ಫೋರ್ಮಿಯೋ ಹತ್ತಿರ ಇದ್ದದ್ದು 20 ಹಡಗು, ಎದುರಿಗೆ ಸ್ಪಾರ್ಟಾ ಕಡೆಯವರ 77. ಅಥೆನ್ಸ್‌ನ ಒಂಬತ್ತು ಹಡಗುಗಳನ್ನು ಶತ್ರುಗಳು ದಡಕ್ಕೆ ಅಟ್ಟಿಬಿಟ್ಟರು, ಉಳಿದವು ಬಂದರಿನ ಕಡೆ ಓಡಿದವು, ಕೊನೆಯದರ ಬೆನ್ನಿಗೆ ಶತ್ರುಗಳ ಕಡೆಯ ಲ್ಯೂಕಾಸ್ ದ್ವೀಪದ ಹಡಗೊಂದು ಬಿತ್ತು. ದಾರಿಯಲ್ಲಿ ಲಂಗರು ಹಾಕಿದ್ದ ವ್ಯಾಪಾರದ ಹಡಗೊಂದಿತ್ತು. ಅಥೆನ್ಸ್‌ನವರು ಅದನ್ನು ಪೂರ್ತಿ ಸುತ್ತು ಹಾಕಿ ಬಂದು, ಅಟ್ಟಿಸಿಕೊಂಡು ಬರುತ್ತಿದ್ದವನ ಮಧ್ಯಕ್ಕೇ ಗುದ್ದಿ ಮುಳುಗಿಸಿದರು. ಯೋಚಿಸಿ, ಓಡಿ ಓಡಿ ಸುಸ್ತಾದ 170 ಜನ ಒಟ್ಟಿಗೆ ತಿರುಗಿಸಿದ್ದಾರೆ. ಹಿಂದೆ ಬರುತ್ತಿದ್ದವರು ಬೆಚ್ಚಿ ಸಾಲು ಕೆಟ್ಟರು, ಕೆಲವರು ಹುಟ್ಟು ನಿಲ್ಲಿಸಿ ನಿಂತುಬಿಟ್ಟರು, ಕೆಲವರು ಆಳ ಗೊತ್ತಿಲ್ಲದೆ ಮರಳಿಗೆ ಹತ್ತಿಸಿಕೊಂಡರು. ಉಳಿದ ಅಥೆನ್ಸ್ ಹಡಗುಗಳು ತಿರುಗಿ ಬಿದ್ದು ಆರು ಹಡಗು ಹಿಡಿದವು, ತಮ್ಮದನ್ನೂ ಬಿಡಿಸಿಕೊಂಡವು.