ಯಾರ ವಿಶ್ಲೇಷಣೆ ನಂಬಬೇಕೆಂಬುದು ಆಮೇಲಿನ ಮಾತು, ಮೊದಲು ಪೆನ್ನು ಕೆಳಗಿಡಿ

ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದಾರೆ, ಅಣ್ಣ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲಿನ ಕುರಿತ ತೀರ್ಪುಗಳ ಬಗ್ಗೆ ಒಬ್ಬೊಬ್ಬರು ಒಂದೊಂದು ಬರೆದಿದ್ದಾರೆ, ಯಾರನ್ನು ನಂಬಲಿ ಎಂದು ಕೇಳಿದ್ದೀರಿ. 2017ರಲ್ಲಿ ನಾನು ಇದನ್ನು ಯಾರನ್ನೂ ಕೇಳದೆ ಸಹಿ ಹಾಕಿದೆ.

ನಮ್ಮ ತಂದೆ ಹೋದದ್ದು 2003ರಲ್ಲಿ. ಜಮೀನು ಅಜ್ಜನ ಕಾಲದ್ದು, ವಿಭಾಗವಾಗಿರಲಿಲ್ಲ. ನನ್ನ ಮದುವೆ 1991ರಲ್ಲಿ ಆಗಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಾಗ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. ಅಷ್ಟರಲ್ಲಿ ಕಾನೂನು ನನ್ನಂಥವರಿಗಲ್ಲ ಎಂಬುದು ತಲೆಯಲ್ಲಿ ಬೇರೂರಿಬಿಟ್ಟಿತ್ತು.

2015ರಲ್ಲಿ ಪ್ರಕಾಶ್ ವಿರುದ್ಧ ಫೂಲಾವತಿ ಪ್ರಕರಣದ ತೀರ್ಪು ಬಂತು. 2005ರ ಆ ದಿನ ತಂದೆ, ಮಗಳು ಇಬ್ಬರೂ ಬದುಕಿದ್ದರೆ ಮಾತ್ರ ಮಗಳಿಗೆ ಹೊಸ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಣ್ಣ ಅದರ ಬಗ್ಗೆ ಬಂದಿದ್ದ ಅಂಕಣವೊಂದನ್ನು ಕತ್ತರಿಸಿ ತಂದು ತೋರಿಸಿದ. ವಿವಾದಕ್ಕೆ ತೆರೆ ಬಿತ್ತು ಎಂಬ ಧಾಟಿಯಲ್ಲಿತ್ತು ಬರಹ.

ನನ್ನ ತಪ್ಪು ಎಲ್ಲಿತ್ತೆಂದು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಅಂಕಣ ನಂಬಿದ್ದು ತಪ್ಪಲ್ಲ, ಅದರಲ್ಲಿದ್ದದ್ದು ಅಂದಿಗೆ ಸರಿಯೇ. ಆ ಪೀಠದಲ್ಲಿ ಇದ್ದವರು ಇಬ್ಬರೇ ನ್ಯಾಯಮೂರ್ತಿಗಳು. ಮೂವರ ಪೀಠ ಅದನ್ನು ತಳ್ಳಿಹಾಕಬಹುದು ಎಂಬ ಒಂದು ಸಾಲು ಬರಹದಲ್ಲಿ ಇರಲಿಲ್ಲ, ನನಗೆ ಕೇಳಬೇಕೆಂದೂ ಹೊಳೆಯಲಿಲ್ಲ. ಪಾಲು ಇಲ್ಲವೆಂದಾದರೆ ಬಿಟ್ಟುಕೊಡುವ ಪತ್ರ ಏಕೆ ಬೇಕು? ಈ ಸರಳ ಪ್ರಶ್ನೆಯೂ ಹೊಳೆಯಲಿಲ್ಲ. ನೋಂದಣಿ ಕಚೇರಿಯ ಕಟ್ಟೆಯ ಮೇಲೆ ಕುಳಿತು, ಪತ್ರ ಬರಹಗಾರ ತೋರಿಸಿದಲ್ಲೆಲ್ಲ ಸಹಿ ಹಾಕಿದೆ. ಯಾರ ಒತ್ತಾಯವೂ ಇಲ್ಲದೆ, ರಾಜೀಖುಷಿಯಿಂದ, ಸಹೋದರನ ಮೇಲಿನ ಪ್ರೀತಿ ವಿಶ್ವಾಸದಿಂದ ಎಂದು ಬರೆದಿತ್ತು.

ಮರುವರ್ಷ, 2018ರ ಫೆಬ್ರುವರಿಯಲ್ಲಿ, ದಾನಮ್ಮ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಇನ್ನೊಂದು ಪೀಠ, ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಅದೂ ಕರ್ನಾಟಕದ್ದೇ ಪ್ರಕರಣ! 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ಗೊಂದಲ ಮುಗಿಸಿತು. ಹಕ್ಕು ಹುಟ್ಟಿನಿಂದ ಬರುತ್ತದೆ, 2005ರ ಆ ದಿನ ತಂದೆ ಬದುಕಿರಬೇಕಾಗಿಲ್ಲ.

ವಕೀಲರ ಬಳಿ ಓಡಿದೆ. ಅವರು ಪತ್ರದ ಆ ರಾಜೀಖುಷಿಯ ಸಾಲಿನ ಮೇಲೆ ಬೆರಳಿಟ್ಟರು. ಜಾರಿಯಲ್ಲಿರುವ ಕಾನೂನನ್ನು ತಪ್ಪಾಗಿ ತಿಳಿದೆ ಎಂಬ ಕಾರಣಕ್ಕೆ ಒಪ್ಪಂದ ರದ್ದಾಗುವುದಿಲ್ಲ, ಒಪ್ಪಂದ ಕಾಯ್ದೆಯ 21ನೇ ಕಲಂ ಹಾಗೆ ಹೇಳುತ್ತದೆ. ವಂಚನೆಯನ್ನೋ ಬಲವಂತವನ್ನೋ ತೋರಿಸಬೇಕು. ಅಣ್ಣ ಎರಡನ್ನೂ ಮಾಡಿರಲಿಲ್ಲ, ಅವನೂ ಅದೇ ಅಂಕಣ ನಂಬಿದ್ದ. ತೀರ್ಪು ಬದಲಾಯಿತು, ನನ್ನ ಸಹಿ ಬದಲಾಗಲಿಲ್ಲ.

ಆದ್ದರಿಂದ ಯಾರ ವಿಶ್ಲೇಷಣೆ ಸರಿ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬರೆಯುವವರು ತೀರ್ಪಿನ ಬಗ್ಗೆ ಬರೆಯುತ್ತಾರೆ, ನಿಮ್ಮ ಜಮೀನಿನ ಕಾಗದ ಅವರು ಕಂಡಿರುವುದಿಲ್ಲ. ವಿನೀತಾ ಶರ್ಮಾ ತೀರ್ಪಿನ ಪೂರ್ಣ ಪಾಠ ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಕೊನೆಯ ಪುಟಗಳಲ್ಲಿರುವ ನಿರ್ಣಯದ ಭಾಗವನ್ನಾದರೂ ವಕೀಲರೊಬ್ಬರ ಜೊತೆ ಕುಳಿತು ಓದಿ. ಅಲ್ಲಿ ನಿಮಗೆ ಬೇಕಾದದ್ದು 2004ರ ಡಿಸೆಂಬರ್ 20 ಎಂಬ ದಿನಾಂಕ. ಅದಕ್ಕೆ ಮೊದಲು ನೋಂದಣಿಯಾದ ವಿಭಾಗಪತ್ರವನ್ನೂ ಕೋರ್ಟಿನ ಡಿಕ್ರಿಯಿಂದಾದ ವಿಭಾಗವನ್ನೂ ಈ ತೀರ್ಪು ಮುಟ್ಟುವುದಿಲ್ಲ. ಪಂಚರ ಮುಂದೆ ಬಾಯಿಮಾತಿನಲ್ಲಿ ಪಾಲಾಗಿತ್ತು ಎಂದರೆ ಸುಮ್ಮನೆ ಒಪ್ಪುವಂತಿಲ್ಲ. ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದರೆ ಅಪರೂಪಕ್ಕೆ ಒಪ್ಪಬಹುದಷ್ಟೇ. ಜಮೀನು ತಂದೆಯ ಸ್ವಯಾರ್ಜಿತವಾಗಿದ್ದು ಅವರು ಉಯಿಲು ಬರೆದಿಟ್ಟಿದ್ದರೆ ಲೆಕ್ಕವೇ ಬೇರೆ.

ಅಣ್ಣನ ಮೇಲೆ ಪ್ರೀತಿಯಿದ್ದರೆ ಪಾಲು ಬಿಟ್ಟುಕೊಡಿ, ನಾನು ಬೇಡ ಎನ್ನುವುದಿಲ್ಲ. ಪಾಲು ಎಷ್ಟೆಂದು ತಿಳಿದ ಮೇಲೆ ಬಿಡಿ. ಈ ವಾರ ಋಣಭಾರ ಪ್ರಮಾಣಪತ್ರಕ್ಕೂ ಹಳೆಯ ಪಹಣಿಗಳಿಗೂ ಅರ್ಜಿ ಹಾಕಿ. ಅಣ್ಣ ಆತುರಪಡಿಸಿದರೆ ಕಾಗದ ಬರಲಿ ಎನ್ನಿ, ಅದಕ್ಕಿಂತ ಹೆಚ್ಚು ಮಾತು ಬೇಡ.